ಕೈಯಲ್ಲಿ ಮಾಡಿದ ಗಿಟಾರಿನ ಪಾಲಿಶ್ ಮತ್ತು ಸೆಟಪ್: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೆಟ್ಟಿಗೆ ಅಂಟಿಸಿ, ನೆಕ್ ಕೂರಿಸಿ, ಇನ್ನೂ ಬಣ್ಣ ಕಾಣದ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ‘ಇನ್ನೊಂದು ವಾರದ ಕೆಲಸ ಉಳಿದಿದೆ’ ಎಂದು ಫೋನ್ ಮಾಡುವವರಿಗೆ ನಾನು ಹೇಳುವುದು ಒಂದೇ: ಇನ್ನೂ ಎರಡು ತಿಂಗಳ ಕೆಲಸ ಉಳಿದಿದೆ. ಉಡುಪಿಯಲ್ಲಿ ಹೆಂಚಿನ ಮಾಡಿನ ಕೆಳಗೆ ಗಿಟಾರ್ ಮಾಡುವ ನನಗೆ ಈ ಎರಡು ತಿಂಗಳಷ್ಟು ಪಾಠ ಕಲಿಸಿದ್ದು ಬೇರೊಂದಿಲ್ಲ. ಹೊರದೇಶದ ಕೈಪಿಡಿಗಳಲ್ಲಿರುವ ಅಳತೆಗಳು ಸರಿಯಾಗಿಯೇ ಇವೆ. ಆದರೆ ಅವು ನಮ್ಮ ಮಳೆಯನ್ನು ಲೆಕ್ಕಕ್ಕೆ ಹಿಡಿದು ಬರೆದವಲ್ಲ. ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಬರುವ ಪ್ರಶ್ನೆಗಳಿಗೆ ಇಲ್ಲಿಯ ಹವೆಯನ್ನು ಎದುರಿಗಿಟ್ಟುಕೊಂಡೇ ಉತ್ತರಿಸಿದ್ದೇನೆ.

ಪಾಲಿಶ್ ಮಾಡಲು ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್, ಜನವರಿ, ಫೆಬ್ರವರಿ. ಪತ್ತನಾಜೆಯಂದು, ಅಂದರೆ ಮೇ 24ರ ಆಸುಪಾಸಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ನಾನೂ ಅಂದು ಪಾಲಿಶ್ ಡಬ್ಬಿಗಳ ಮುಚ್ಚಳ ಬಿಗಿದು ಮೇಲಿಡುತ್ತೇನೆ. ಮತ್ತೆ ಕೆಳಗಿಳಿಸುವುದು ದೀಪಾವಳಿ ಕಳೆದು, ಬೆಳಗಿನ ಗಾಳಿ ಒಣಗಿದ ಮೇಲೆ.

ಕಾರಣ ಸರಳ. ಸ್ಪಿರಿಟ್ ಆಗಲಿ ಥಿನ್ನರ್ ಆಗಲಿ ಬೇಗನೆ ಆವಿಯಾಗುವಾಗ ಮರದ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ಅದು ಹನಿಗಟ್ಟಿ, ಇನ್ನೂ ಒಣಗದ ಪಾಲಿಶಿನೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಮಂಜು ಕವಿದಂತೆ ಬಿಳಿ ಬಣ್ಣ ಕಾಣಿಸುತ್ತದೆ. ಒಂದು ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಯಲ್ಲಿ, ಮದುವೆಯ ಹೊತ್ತಿಗೆ ಬೇಕೇ ಬೇಕೆಂದು ಕೇಳಿದವರಿಗಾಗಿ, ಮಳೆ ಎರಡು ದಿನ ಬಿಟ್ಟದ್ದನ್ನು ನೋಡಿ ಲ್ಯಾಕರ್ ಸಿಂಪಡಿಸಿದೆ. ಅರ್ಧ ಗಂಟೆಯಲ್ಲಿ ಮೇಲ್ಹಲಗೆ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಅಷ್ಟನ್ನೂ ಕೆರೆದು ತೆಗೆಯುವಾಗ ಆ ಹಲಗೆಯ ದಪ್ಪವೂ ಒಂದಿಷ್ಟು ಹೋಯಿತು. ಆ ಗಿಟಾರಿನ ನೆನಪಾದಾಗ ಇಂದಿಗೂ ಬೇಸರವಾಗುತ್ತದೆ.

ನಿಮಗೂ ಹೀಗಾದರೆ ಗಾಬರಿಯಿಂದ ಕೆರೆಯಬೇಡಿ. ಒಣ ದಿನವೊಂದಕ್ಕೆ ಕಾಯಿರಿ. ತೆಳುವಾದ ಬಿಳುಪಾದರೆ, ಆಯಾ ಪಾಲಿಶಿನದೇ ದ್ರಾವಕವನ್ನು ಹಗುರವಾಗಿ ಸೋಕಿಸಿದಾಗ ಸಿಕ್ಕಿಬಿದ್ದ ತೇವ ಹೊರಬಂದು ಬಣ್ಣ ತಿಳಿಯಾಗುತ್ತದೆ. ಈ ತಾಳ್ಮೆ ನನಗೆ ಆ ದಿನ ಇರಲಿಲ್ಲ.

ಹಾಗಾದರೆ ಮಳೆಗಾಲದಲ್ಲಿ ಸುಮ್ಮನೆ ಕೂರಬೇಕೇ?

ಇಲ್ಲ. ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಮೂಳೆಯ ಪಟ್ಟಿಯನ್ನು, ಅಂದರೆ ನಟ್ ಅನ್ನು, ಕೆತ್ತಬಹುದು, ಮೇಲ್ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ತುಂಡನ್ನು, ಅಂದರೆ ಬ್ರಿಡ್ಜನ್ನು, ರೂಪಿಸಬಹುದು, ಅರಗಳನ್ನು (ಫೈಲುಗಳನ್ನು) ಸರಿಮಾಡಿಕೊಳ್ಳಬಹುದು. ಒಂದು ಸಣ್ಣ ಕೋಣೆಯನ್ನು ಬಿಗಿಯಾಗಿ ಮುಚ್ಚಿ, ತೇವ ಹೀರುವ ಯಂತ್ರ ಇಟ್ಟು, ಆರ್ದ್ರತೆಯನ್ನು ಶೇಕಡಾ 45ರಿಂದ 50ರೊಳಗೆ ನಿಲ್ಲಿಸಬಲ್ಲಿರಾದರೆ ಎಲ್ಲ ಕೆಲಸವನ್ನೂ ಮಾಡಬಹುದು. ಆ ಅನುಕೂಲವಿಲ್ಲದೆ ಮೇಲ್ಹಲಗೆಗೆ ಒಳಪಟ್ಟಿಗಳನ್ನು ಮಾತ್ರ ಅಂಟಿಸಬೇಡಿ. ಮಳೆಗಾಲದಲ್ಲಿ ಉಬ್ಬಿದ ಹಲಗೆಗೆ ಪಟ್ಟಿ ಅಂಟಿಸಿದರೆ, ಅದು ಬೇಸಿಗೆಯಲ್ಲಿ ಕುಗ್ಗಲು ಹೊರಟಾಗ ಪಟ್ಟಿ ಬಿಡುವುದಿಲ್ಲ, ಹಲಗೆ ಸೀಳುತ್ತದೆ.

ಆರ್ದ್ರತೆ ತೋರಿಸುವ ಅಗ್ಗದ ಮೀಟರನ್ನು ನಂಬಬಹುದೇ?

ಪರೀಕ್ಷಿಸಿದ ಮೇಲೆ ನಂಬಿ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಸೇರಿಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಟ್ಟಿಗಿಟ್ಟು ಒಂದು ದಿನ ಬಿಡಿ. ಒಳಗಿನ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮೀಟರ್ 69 ಎಂದು ತೋರಿಸಿದರೆ ಮುಂದೆ ಯಾವಾಗಲೂ 6 ಕೂಡಿಸಿ ಓದಿ. ಡಬ್ಬಿಯ ಮೇಲೆ ಚೀಟಿ ಅಂಟಿಸಿಡಿ, ಮರೆತುಹೋಗುತ್ತದೆ.

ಅರಗು, ಲ್ಯಾಕರ್, ಪಾಲಿಯುರೆಥೇನ್, ಎಣ್ಣೆ: ಯಾವುದನ್ನು ಆರಿಸಿಕೊಳ್ಳಲಿ?

ಮೊದಲ ಗಿಟಾರ್ ಆದರೆ ಅರಗು. ಯಂತ್ರ ಬೇಡ, ಸಿಂಪಡಿಸುವ ಕೋಣೆ ಬೇಡ, ತಪ್ಪಾದರೆ ಅದೇ ಸ್ಪಿರಿಟಿನಲ್ಲಿ ಕರಗಿಸಿ ತಿದ್ದಬಹುದು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಇದೇ ಅರಗು, ಪಾಂಡವರಿಗಾಗಿ ಕಟ್ಟಿದ ಮನೆಯ ಅರಗೂ ಇದೇ. ಮರದ ಕೊಂಬೆಗಳಲ್ಲಿ ಕೀಟಗಳು ಕಟ್ಟುವ ಈ ರಾಳವನ್ನು ಲೋಕಕ್ಕೆಲ್ಲ ಒದಗಿಸುವ ದೇಶಗಳಲ್ಲಿ ನಮ್ಮದು ಮುಖ್ಯವಾದದ್ದು. ಸ್ಪೇನಿನ ಗಿಟಾರ್ ಮಾಡುವವರು ಇಂದಿಗೂ ಒಳ್ಳೆಯ ವಾದ್ಯಗಳಿಗೆ ಹಚ್ಚುವುದು ಇದನ್ನೇ. ಪದರ ಅತಿ ತೆಳುವಾಗಿರುವುದರಿಂದ ಹಲಗೆ ಮುಕ್ತವಾಗಿ ಕಂಪಿಸುತ್ತದೆ.

ಅರಗಿಗೆ ಒಂದು ದೌರ್ಬಲ್ಯವಿದೆ, ಅದು ನಮ್ಮ ಊರಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಬೆವರಿಗೂ ಬಿಸಿಗೂ ಅದು ಮೆತ್ತಗಾಗುತ್ತದೆ. ಏಪ್ರಿಲಿನಲ್ಲಿ ಬರಿಮೈಯಲ್ಲಿ ಕುಳಿತು ನುಡಿಸಿದರೆ ಮುಂಗೈ ತಾಗುವ ಜಾಗ ಮಾಸುತ್ತದೆ. ಆದ್ದರಿಂದ ನಾನು ಮೇಲ್ಹಲಗೆಗೆ ಅರಗು, ಬೆನ್ನು ಮತ್ತು ಬದಿಗಳಿಗೆ ಅರಗಿನ ಇನ್ನಷ್ಟು ದಪ್ಪ ಪದರ, ನೆಕ್ಕಿಗೆ ಒಣಗುವ ಎಣ್ಣೆಯ ವಾರ್ನಿಷ್ ಹಚ್ಚುತ್ತೇನೆ. ನೆಕ್ಕಿನ ಮೇಲೆ ಹೆಬ್ಬೆರಳು ಓಡಾಡಬೇಕು. ಅಲ್ಲಿ ಕನ್ನಡಿಯಂಥ ಹೊಳಪಿಗಿಂತ ಒಣ ನುಣುಪು ಹಿತ.

ನೈಟ್ರೋಸೆಲ್ಯುಲೋಸ್ ಲ್ಯಾಕರ್ ಸುಂದರವಾಗಿರುತ್ತದೆ, ಹಳೆಯ ಅಮೆರಿಕನ್ ಗಿಟಾರುಗಳ ಹೊಳಪು ಅದರದ್ದೇ. ಆದರೆ ಅದು ಬೇಗ ಹೊತ್ತಿಕೊಳ್ಳುತ್ತದೆ, ಆವಿ ಎದೆಗೆ ಕೆಟ್ಟದು. ದ್ರಾವಕದ ಆವಿ ತಡೆಯುವ ಮುಖವಾಡ ಮತ್ತು ಕಿಡಿ ಹಾರದ ಫ್ಯಾನ್ ಇಲ್ಲದೆ ಮನೆಯೊಳಗೆ ಸಿಂಪಡಿಸಲೇಬೇಡಿ. ಸಿಂಪಡಿಸಿದ ಮೇಲೆ ಮೂರು ನಾಲ್ಕು ವಾರ ಕಾಯ್ದೇ ಉಜ್ಜಬೇಕು. ಕೆಲವು ಸ್ಟ್ಯಾಂಡುಗಳ ರಬ್ಬರ್ ತಾಗಿದರೂ ಅದು ಕರಗಿ ಅಂಟುತ್ತದೆ ಎಂಬುದು ನೆನಪಿರಲಿ.

ಪಾಲಿಯುರೆಥೇನ್ ಗಟ್ಟಿ, ತೇವಕ್ಕೆ ಅಂಜುವುದಿಲ್ಲ. ಕೈತಪ್ಪಿ ದಪ್ಪವಾದರೆ ಹಲಗೆಯ ಬಾಯಿ ಕಟ್ಟುತ್ತದೆ. ಯಾವ ಪಾಲಿಶ್ ಆದರೂ ಮೇಲ್ಹಲಗೆಯ ಮೇಲೆ ಒಟ್ಟು ದಪ್ಪ 0.1 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಚೆಂದ. ಒಂದು ಝೆರಾಕ್ಸ್ ಹಾಳೆಯ ದಪ್ಪ ಅಷ್ಟೇ.

ಅರಗನ್ನು ಕೈಯಲ್ಲಿ ಹಚ್ಚುವ ಕ್ರಮ ಹೇಗೆ?

ಅರ್ಧ ಲೀಟರ್ ಸ್ಪಿರಿಟಿಗೆ 100 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಕರಗಲು ಬಿಡಿ, ಮರುದಿನ ಬಟ್ಟೆಯಲ್ಲಿ ಸೋಸಿ. ಬೇಕಾದಷ್ಟನ್ನೇ ಕರಗಿಸಿಕೊಳ್ಳಿ. ಕರಗಿಸಿಟ್ಟು ಆರು ತಿಂಗಳಾದ ಅರಗು ಹಚ್ಚಿದ ಮೇಲೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸಂಶಯವಿದ್ದರೆ ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ: ಮರುದಿನವೂ ಉಗುರು ಊರಿದರೆ ಚೆಲ್ಲಿಬಿಡಿ. ಒಣ ಚಕ್ಕೆಗಳೂ ನಮ್ಮ ಸೆಖೆಗೆ ಮುದ್ದೆಗಟ್ಟುತ್ತವೆ. ಫ್ರಿಜ್ಜಿನಲ್ಲಿ ಇಡುವುದು ಲೇಸು.

ಹಚ್ಚಲು ಹತ್ತಿಯ ಉಂಡೆಯೊಂದನ್ನು ಹಳೆಯ ಬಿಳಿ ಮುಂಡಿನ ತುಂಡಿನಲ್ಲಿ ಕಟ್ಟಿಕೊಳ್ಳಿ. ವರ್ಷಗಟ್ಟಲೆ ಒಗೆದು ಮೆತ್ತಗಾದ ಮುಂಡಿಗಿಂತ ಒಳ್ಳೆಯ ಬಟ್ಟೆಯನ್ನು ನಾನು ಕಂಡಿಲ್ಲ. ಅದರಲ್ಲಿ ನೂಲು ಏಳುವುದಿಲ್ಲ. ಉಂಡೆ ಒದ್ದೆಯಾಗಿರಬಾರದು, ತೇವವಾಗಿರಬೇಕು. ಮುಂಗೈಗೆ ಒತ್ತಿದರೆ ತಣ್ಣಗೆ ತಾಗಬೇಕು, ಹನಿ ಇಳಿಯಬಾರದು. ವಿಮಾನ ನೆಲಕ್ಕಿಳಿದು ಮತ್ತೆ ಏರುವಂತೆ ಹಲಗೆಯ ಅಂಚಿನಿಂದ ಜಾರಿಸಿ ತಂದು ಜಾರಿಸಿಯೇ ಎತ್ತಿ. ನಡುವೆ ನಿಲ್ಲಿಸಿದರೆ ಅಲ್ಲೇ ಅಂಟಿ ಗಾಯವಾಗುತ್ತದೆ. ಮೊದಲು ಮರದ ಎಳೆಯುದ್ದಕ್ಕೆ, ಬಳಿಕ ಸಣ್ಣ ಸುತ್ತುಗಳು, ಆಮೇಲೆ ಇಂಗ್ಲಿಷಿನ ಎಂಟರ ಆಕಾರ. ಉಂಡೆ ಹಿಡಿದೆಳೆದಂತೆ ಅನ್ನಿಸಿದರೆ ಬೆರಳ ತುದಿಯಿಂದ ಒಂದೇ ಒಂದು ಹನಿ ಆಲಿವ್ ಎಣ್ಣೆ ಅದಕ್ಕೆ ತಾಗಿಸಿ. ಆ ಎಣ್ಣೆಯನ್ನು ಕೊನೆಯ ದಿನಗಳಲ್ಲಿ ಬರೀ ಸ್ಪಿರಿಟಿನ ತೇವವಿರುವ ಉಂಡೆಯಿಂದ ಸೆಳೆದು ತೆಗೆಯಬೇಕು.

ದಿನಕ್ಕೆ ಒಂದು ಗಂಟೆ, ಎಂಟು ಹತ್ತು ದಿನ. ಬಳಿಕ ಎರಡು ವಾರ ಮುಟ್ಟಬೇಡಿ. ಪದರ ಕುಗ್ಗಿ ಮರದ ಎಳೆಗಳೊಳಗೆ ಇಳಿಯುವುದು ಆ ಎರಡು ವಾರಗಳಲ್ಲಿ. ಅಂಗಡಿಯ ಸ್ಪಿರಿಟಿನಲ್ಲಿ ವಿಷಕಾರಿ ಮೆಥನಾಲ್ ಇರುತ್ತದೆ. ಕೈಗವಸು ಹಾಕಿಕೊಂಡು, ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ.

ಮರದ ರಂಧ್ರಗಳನ್ನು ತುಂಬಲೇಬೇಕೇ?

ಸ್ಪ್ರೂಸ್, ಸೀಡರ್ ಹಲಗೆಗಳಿಗೆ ಬೇಡ, ಅವುಗಳಲ್ಲಿ ತುಂಬುವಂಥ ರಂಧ್ರವಿಲ್ಲ. ಬೀಟೆ, ಮಹಾಗನಿಗೆ ಬೇಕು. ಇಲ್ಲವಾದರೆ ಎಷ್ಟು ಪದರ ಹಚ್ಚಿದರೂ ಸೂಜಿ ಚುಚ್ಚಿದಂತೆ ಗುಳಿಗಳು ಕಾಣುತ್ತವೆ. ಅರಗಿನ ಉಂಡೆಗೆ ಪ್ಯೂಮಿಸ್ ಕಲ್ಲಿನ ಪುಡಿ ಉದುರಿಸಿ ಉಜ್ಜುವುದು ಹಳೆಯ ಕ್ರಮ, ನಿಧಾನ. ಎಪಾಕ್ಸಿ ಸವರಿ ಮಟ್ಟಮಾಡುವುದು ಬೇಗ. ಬೀಟೆಯನ್ನು ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ, ಅದರ ಧೂಳು ಅನೇಕರಿಗೆ ಚರ್ಮದ ತುರಿಕೆ ತರುತ್ತದೆ.

ಮಲ್ಪೆಯಲ್ಲಿ ದೋಣಿಗಳಿಗೆ ಗೇರೆಣ್ಣೆ ಬಳಿಯುತ್ತಿದ್ದರಲ್ಲ, ಅದು ಗಿಟಾರಿಗೆ ಆಗದೇ?

ಈ ಪ್ರಶ್ನೆ ನನಗೆ ತುಂಬ ಇಷ್ಟ. ಕೇಳುವವರು ನಮ್ಮ ನೆಲದ ವಸ್ತುವಿನಿಂದಲೇ ವಾದ್ಯ ಮುಗಿಸಬೇಕೆಂಬ ಆಸೆಯಿಂದ ಕೇಳುತ್ತಾರೆ. ಗೇರುಬೀಜದ ಸಿಪ್ಪೆಯ ಎಣ್ಣೆ ಮರವನ್ನು ಹುಳದಿಂದ, ಉಪ್ಪುನೀರಿನಿಂದ ಕಾಯುವುದು ನಿಜ. ಆದರೆ ಅದು ಮೈಗೆ ತಾಗಿದರೆ ಬೊಕ್ಕೆ ಬರಿಸುತ್ತದೆ, ಒಣಗಲು ತೀರಾ ನಿಧಾನ, ಮರವನ್ನು ಕಪ್ಪಾಗಿಸುತ್ತದೆ. ದೋಣಿಯನ್ನು ಯಾರೂ ಎದೆಗವಚಿಕೊಂಡು ಕೂರುವುದಿಲ್ಲ, ಗಿಟಾರನ್ನು ಕೂರುತ್ತಾರೆ. ಜಪಾನಿನಲ್ಲಿ ಇದೇ ಎಣ್ಣೆಯನ್ನು ಸಂಸ್ಕರಿಸಿ ಒಳ್ಳೆಯ ಹೊಳಪಿನ ಲೇಪ ತಯಾರಿಸುತ್ತಾರೆ; ಅದು ಬೇರೆಯದೇ ವಸ್ತು. ಕಾರ್ಖಾನೆಯಿಂದ ತಂದ ಹಸಿ ಗೇರೆಣ್ಣೆ ಬೇಡ.

ಲೋಹದ ಅಡ್ಡಪಟ್ಟಿಗಳಿರುವ (ಫ್ರೆಟ್) ಹಲಗೆಗೆ ತೆಂಗಿನೆಣ್ಣೆ?

ಬೇಡ. ಒಣಗುವುದಿಲ್ಲ, ಧೂಳು ಹಿಡಿದು ಜಿಡ್ಡಾಗುತ್ತದೆ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ವರ್ಷಕ್ಕೊಮ್ಮೆ ತಂತಿ ಬಿಚ್ಚಿದಾಗ ತಿಳಿಯಾದ ಮಿನರಲ್ ಆಯಿಲ್ ನಾಲ್ಕು ಹನಿ ಸವರಿ ಒರೆಸಿದರೆ ಸಾಕು. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹೊರಗೆ ಹಗ್ಗದ ಮೇಲೆ ಹರವಿ ಒಣಗಿಸಿ, ಆಮೇಲೆ ಬಿಸಾಡಿ.

ಮೊದಲು ಬ್ರಿಡ್ಜ್ ಅಂಟಿಸಬೇಕೇ, ಮೊದಲು ಪಾಲಿಶೇ?

ಮೊದಲು ಪಾಲಿಶ್, ಆದರೆ ಬ್ರಿಡ್ಜಿನ ಅಡಿಯಲ್ಲಿ ಪಾಲಿಶ್ ಇರಬಾರದು. ಆ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡೇ ಆರಂಭಿಸಿ, ಅಥವಾ ಕೊನೆಗೆ ಹರಿತವಾದ ಉಳಿಯಿಂದ ಅಲ್ಲಿನ ಪದರ ಕೆರೆಯಿರಿ. ಮರಕ್ಕೆ ಮರವೇ ತಾಗಬೇಕು. 12ರ (ಒಂದನೆಯ ತಂತಿಯ ದಪ್ಪ 0.012 ಇಂಚು) ಹಗುರ ಉಕ್ಕಿನ ತಂತಿಗಳು ಆರೂ ಸೇರಿ ಎಳೆಯುವ ಬಲ 70 ಕಿಲೋಗ್ರಾಂ ದಾಟುತ್ತದೆ. ಒಂದೂವರೆ ಮೂಟೆ ಅಕ್ಕಿಯ ಭಾರವನ್ನು ಪಾಲಿಶಿನ ತೆಳು ಪದರ ತಡೆಯಲಾರದು. ಬ್ರಿಡ್ಜ್ ಕಿತ್ತು ಬಂದ ಗಿಟಾರುಗಳನ್ನು ನೋಡಿದಾಗ ಹೆಚ್ಚಿನವುಗಳಲ್ಲಿ ಅಡಿಯಲ್ಲಿ ಪಾಲಿಶ್ ಹೊಳೆಯುತ್ತಿರುತ್ತದೆ.

ಅಂಟಿಸುವ ಮೊದಲು ಉದ್ದನೆಯ ನೇರ ಪಟ್ಟಿಯನ್ನು ಫ್ರೆಟ್‌ಗಳ ಮೇಲಿಟ್ಟು ಬ್ರಿಡ್ಜಿನ ಕಡೆಗೆ ಚಾಚಿ. ಪಟ್ಟಿ ಬ್ರಿಡ್ಜಿನ ಮೇಲ್ಮೈಗೆ ತಾಗಿಯೂ ತಾಗದಂತೆ ಇದ್ದರೆ ನೆಕ್ಕಿನ ಕೋನ ಸರಿಯಿದೆ. ಬ್ರಿಡ್ಜಿಗೆ ಢಿಕ್ಕಿ ಹೊಡೆದರೆ, ಅದನ್ನು ಈಗ ಸರಿಪಡಿಸಿ. ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಕೊರೆದು ಸುಧಾರಿಸುತ್ತೇನೆ ಎಂದುಕೊಂಡವರು ಒಂದು ವರ್ಷದೊಳಗೆ ಕೊರೆಯಲು ಸ್ಯಾಡಲೇ ಉಳಿಯದೆ ಬರುತ್ತಾರೆ.

ಸೆಟಪ್ ಎಲ್ಲಿಂದ ಆರಂಭಿಸಬೇಕು?

ಸೆಟಪ್ ಅಂದರೆ ನುಡಿಸಲು ಹಿತವಾಗುವಂತೆ ಗಿಟಾರನ್ನು ಹೊಂದಿಸುವುದು. ಫ್ರೆಟ್, ನೆಕ್, ನಟ್, ಸ್ಯಾಡಲ್: ಈ ಕ್ರಮ ತಪ್ಪಿಸಬೇಡಿ. ತಂತಿ ಎತ್ತರವಾಗಿದೆ ಎಂದು ನೇರವಾಗಿ ಸ್ಯಾಡಲಿಗೆ ಕೈ ಹಾಕುವುದೇ ನಾನು ಕಾಣುವ ಅತಿ ಸಾಮಾನ್ಯ ತಪ್ಪು.

ಫ್ರೆಟ್‌ಗಳ ತಲೆಗೆ ಮಾರ್ಕರ್ ಪೆನ್ನಿನಿಂದ ಮಸಿ ಹಚ್ಚಿ, ನೇರವಾದ ಪಟ್ಟಿಗೆ ಅಂಟಿಸಿದ 400 ನಂಬರಿನ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ. ಎತ್ತರದ ಫ್ರೆಟ್‌ನ ಮಸಿ ಮೊದಲು ಹೋಗುತ್ತದೆ, ತಗ್ಗಿನದು ಉಳಿಯುತ್ತದೆ. ಎಲ್ಲದರ ಮಸಿಯೂ ಹೋದಾಗ ನಿಲ್ಲಿಸಿ, ಚಪ್ಪಟೆಯಾದ ತಲೆಗಳನ್ನು ಅರದಿಂದ ಮತ್ತೆ ದುಂಡಗಾಗಿಸಿ, ನುಣುಪಾದ ಕಾಗದಗಳಿಂದ ಹೊಳಪು ತನ್ನಿ. ಹಲಗೆಗೆ ಟೇಪ್ ಅಂಟಿಸಿಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ.

ಬಳಿಕ ತಂತಿ ಹಾಕಿ ಪೂರ್ತಿ ಶ್ರುತಿಗೆ ತನ್ನಿ. ಆರನೆಯ, ಅಂದರೆ ಅತಿ ದಪ್ಪದ, ತಂತಿಯನ್ನು 1ನೆಯ ಮತ್ತು 14ನೆಯ ಫ್ರೆಟ್‌ಗಳಲ್ಲಿ ಒತ್ತಿ ಹಿಡಿದು, ನಡುವೆ 7ನೆಯ ಫ್ರೆಟ್‌ನ ಮೇಲೆ ಎಷ್ಟು ಸಂದು ಇದೆ ನೋಡಿ. 0.1ರಿಂದ 0.25 ಮಿಲಿಮೀಟರ್ ಇರಬೇಕು. ಒಂದು ಝೆರಾಕ್ಸ್ ಹಾಳೆ ಸಲೀಸಾಗಿ ನುಸುಳಬೇಕು, ಮೂರು ಹಾಳೆ ನುಸುಳಬಾರದು. ಹೆಚ್ಚಿದ್ದರೆ ನೆಕ್ಕಿನ ಒಳಗಿನ ಉಕ್ಕಿನ ಸರಳನ್ನು, ಟ್ರಸ್ ರಾಡನ್ನು, ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ಬೇಡ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ, ಮರ ಅವಸರದಲ್ಲಿ ಉತ್ತರ ಕೊಡುವುದಿಲ್ಲ.

ನಟ್ಟಿನ ಗಾಡಿಗಳಿಗೆ, ಅಂದರೆ ತಂತಿ ಕೂರುವ ಸಣ್ಣ ತೋಡುಗಳಿಗೆ, ಒಂದು ಸುಲಭ ಪರೀಕ್ಷೆಯಿದೆ. ತಂತಿಯನ್ನು 3ನೆಯ ಫ್ರೆಟ್‌ನಲ್ಲಿ ಒತ್ತಿ, 1ನೆಯ ಫ್ರೆಟ್‌ನ ಮೇಲೆ ನೋಡಿ. ಕೂದಲೆಳೆಯಷ್ಟು ಸಂದು ಕಾಣಬೇಕು. ತಾಗಿಯೇ ಇದ್ದರೆ ಗಾಡಿ ಆಳವಾಗಿದೆ, ಹೊಸ ನಟ್ ಬೇಕು. ಅರ ಆಡಿಸುವಾಗ ಬಿರಡೆಗಳ ಕಡೆಗೆ ತುಸು ಇಳಿಜಾರಿರಲಿ. ತಂತಿ ಕೂರುವುದು ಗಾಡಿಯ ಮುಂದಿನ ಅಂಚಿನ ಮೇಲೆ. ಕೊನೆಯ ಎರಡು ಎಳೆತಗಳನ್ನು ಉಸಿರು ಬಿಗಿಹಿಡಿದೇ ಎಳೆಯುತ್ತೇನೆ, ಇಷ್ಟು ವರ್ಷಗಳಾದರೂ.

ಸ್ಯಾಡಲ್ ಕೊನೆಗೆ. 12ನೆಯ ಫ್ರೆಟ್‌ನಲ್ಲಿ ಆರನೆಯ ತಂತಿಗೆ 2.4, ಒಂದನೆಯದಕ್ಕೆ 1.8 ಮಿಲಿಮೀಟರ್ ಎತ್ತರ ಹೆಚ್ಚಿನವರ ಕೈಗೆ ಹೊಂದುತ್ತದೆ. 12ನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ ಅರ್ಧ ಮಿಲಿಮೀಟರ್ ಇಳಿಸಲು ಸ್ಯಾಡಲಿನಲ್ಲಿ ಒಂದು ಮಿಲಿಮೀಟರ್ ತೆಗೆಯಬೇಕು. ಸ್ಯಾಡಲಿನ ಅಡಿಯನ್ನು ಸಪಾಟು ಗಾಜಿನ ಮೇಲೆ ಉಜ್ಜಿ ತೆಗೆಯಿರಿ. ಅಡಿ ಓರೆಯಾದರೆ ಒಂದು ತಂತಿ ಮಂಕಾಗುತ್ತದೆ. ಇಗರ್ಜಿಯ ಗಾಯನ ತಂಡದಲ್ಲಿ ಮೈಕ್ ಇಲ್ಲದೆ ಜೋರಾಗಿ ಬಾರಿಸುವವರಿಗೆ ಇದಕ್ಕಿಂತ ತುಸು ಎತ್ತರವೇ ಇರಲಿ.

ಒಂದೇ ಜಾಗದಲ್ಲಿ ತಂತಿ ಝರ್ರೆನ್ನುತ್ತದೆ. ಏಕೆ?

ತಂಬೂರಿಯಲ್ಲಿ ಜೀವಾಳದ ನೂಲಿಟ್ಟು ನಾವು ಬಯಸಿ ಪಡೆಯುವ ಝೇಂಕಾರ ಗಿಟಾರಿನಲ್ಲಿ ದೋಷ. ಒಂದೇ ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎತ್ತರವಾಗಿದೆ. ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್ ತಗ್ಗಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಬಂದರೆ ನೆಕ್ ಅತಿ ನೇರವಾಗಿದೆ. ಎಲ್ಲ ಕಡೆ ಬಂದರೆ ಸ್ಯಾಡಲ್ ತಗ್ಗು. ಯಾವುದೂ ಅಲ್ಲದಿದ್ದರೆ ಒಳಗೆ ಸಡಿಲವಾದ ಒಳಪಟ್ಟಿಯನ್ನು ಬೆರಳಿನಿಂದ ತಟ್ಟಿ ಹುಡುಕಿ.

ಬಿಟ್ಟ ತಂತಿ ಶ್ರುತಿಯಲ್ಲಿದೆ, ಮೇಲಿನ ಫ್ರೆಟ್‌ಗಳಲ್ಲಿ ಅಪಶ್ರುತಿ. ಫ್ರೆಟ್ ತಪ್ಪಾಗಿದೆಯೇ?

ಅಪರೂಪ. ತಂತಿಯನ್ನು ಒತ್ತಿದಾಗ ಅದು ಎಳೆದಂತಾಗಿ ಸ್ವರ ಸ್ವಲ್ಪ ಏರುತ್ತದೆ. ದಪ್ಪ ತಂತಿಯಲ್ಲಿ ಹೆಚ್ಚು. ಅದನ್ನು ಸರಿದೂಗಿಸಲು ಸ್ಯಾಡಲನ್ನು ಲೆಕ್ಕದ ಜಾಗಕ್ಕಿಂತ ಹಿಂದೆ, ಓರೆಯಾಗಿ ಕೂರಿಸುತ್ತಾರೆ. ತಂತಿಯ ಉದ್ದ 645 ಮಿಲಿಮೀಟರ್ ಇರುವ ಗಿಟಾರಿನಲ್ಲಿ ಒಂದನೆಯ ತಂತಿಗೆ ಸುಮಾರು 2, ಆರನೆಯದಕ್ಕೆ ಸುಮಾರು 5 ಮಿಲಿಮೀಟರ್ ಹಿಂದೆ. 12ನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರ, ಅಲ್ಲಿಯೇ ಬೆರಳು ಸೋಕಿಸಿ ಬರಿಸಿದ ಸ್ವರಕ್ಕಿಂತ ಏರಿದ್ದರೆ ತಂತಿ ಕೂರುವ ತುದಿಯನ್ನು ಇನ್ನೂ ಹಿಂದಕ್ಕೆ ಕೊರೆಯಿರಿ, ಇಳಿದಿದ್ದರೆ ಮುಂದಕ್ಕೆ. ಎರಡನೆಯ ತಂತಿ ಯಾವಾಗಲೂ ಹಟಮಾರಿ, ಅದಕ್ಕೆ ನೆರೆಯ ತಂತಿಗಳಿಗಿಂತ ಹಿಂದೆ ಜಾಗ ಬೇಕು. ಹಳೆಯ ತಂತಿಯಲ್ಲಿ ಈ ಪರೀಕ್ಷೆ ಮಾಡಬೇಡಿ.

ಫೆಬ್ರವರಿಯಲ್ಲಿ ಹಿತವಾಗಿದ್ದ ಗಿಟಾರ್ ಜುಲೈಯಲ್ಲಿ ಬೆರಳು ನೋಯಿಸುತ್ತದೆ. ಕೆಟ್ಟುಹೋಯಿತೇ?

ಕೆಟ್ಟಿಲ್ಲ, ನೀರು ಕುಡಿದಿದೆ. ಮಳೆಗಾಲದಲ್ಲಿ ಚೆಂಡೆಯ ಚರ್ಮ ಸಡಿಲವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಗಿಟಾರಿನ ಮೇಲ್ಹಲಗೆ ತೇವ ಹೀರಿ ಹೊಟ್ಟೆ ಉಬ್ಬಿಸುತ್ತದೆ, ಜೊತೆಗೆ ಬ್ರಿಡ್ಜೂ ತಂತಿಯೂ ಮೇಲೇರುತ್ತವೆ. ಆಗ ಸ್ಯಾಡಲ್ ಕೊರೆದರೆ ಜನವರಿಯಲ್ಲಿ ತಂತಿ ಫ್ರೆಟ್‌ಗೆ ತಾಗುತ್ತದೆ. ಆದ್ದರಿಂದ ನಾನು ಪ್ರತಿ ಗಿಟಾರಿಗೂ ಎರಡು ಸ್ಯಾಡಲ್ ಮಾಡಿಕೊಡುತ್ತೇನೆ: ಮಳೆಗಾಲಕ್ಕೊಂದು ತಗ್ಗಿನದು, ಬೇಸಿಗೆಗೊಂದು ಎತ್ತರದ್ದು. ಅಡಿಯಲ್ಲಿ ಪೆನ್ಸಿಲಿನಿಂದ ‘ಆಟಿ’ ಎಂದು ಬರೆದದ್ದು ಮಳೆಯದು. ಜೊತೆಗೆ ಗಿಟಾರನ್ನು ಗೋಡೆಗೆ ಒರಗಿಸದೆ ಪೆಟ್ಟಿಗೆಯಲ್ಲಿಟ್ಟು, ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಮತ್ತೆ ಬಳಸಿ.

ದುಬೈಗೆ ಕೊಂಡೊಯ್ಯಬೇಕಾಗಿದೆ. ತೊಂದರೆಯೇ?

ನಮ್ಮಲ್ಲಿ ಮನೆಗೊಬ್ಬರು ಗಲ್ಫಿನಲ್ಲಿರುವಾಗ ಈ ಪ್ರಶ್ನೆ ಬಾರದ ತಿಂಗಳಿಲ್ಲ. ದಿನವಿಡೀ ಎಸಿ ಓಡುವ ಕೋಣೆ ಕರಾವಳಿಯ ಮರಕ್ಕೆ ಮರುಭೂಮಿಯೇ. ಹಲಗೆ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ಹೊರಚಾಚಿ ಕೈ ಗೀರುತ್ತವೆ, ಕೊನೆಗೆ ಸೀಳು. ಹೋದ ಮೇಲೆ ಒಂದು ವಾರ ಪೆಟ್ಟಿಗೆಯಿಂದ ತೆಗೆಯಬೇಡಿ, ಒಳಗೆ ತೇವ ಕೊಡುವ ಪೊಟ್ಟಣ ಇರಿಸಿ, ಆರ್ದ್ರತೆ ಶೇಕಡಾ 45ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ವಿಮಾನಕ್ಕೆ ಮುನ್ನ ತಂತಿಗಳನ್ನು ಸ್ವಲ್ಪ ಸಡಿಲಿಸಿ.

ಬೀಟೆಯ ಗಿಟಾರ್ ಆದರೆ ಮರ ಕೊಂಡ ಬಿಲ್ಲನ್ನೂ ಸಾಗಣೆ ಪರವಾನಿಗೆಯನ್ನೂ ಎತ್ತಿಡಿ. ಬೀಟೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲಿದೆ. 2017ರಲ್ಲಿ ಬಿಗಿಯಾದ ನಿಯಮ 2019ರ ನವೆಂಬರಿನಿಂದ ಸಿದ್ಧ ವಾದ್ಯಗಳ ಮಟ್ಟಿಗೆ ಸಡಿಲವಾಗಿದೆ. ಬಿಡಿ ಹಲಗೆಗಳಿಗೆ ಆ ವಿನಾಯಿತಿ ಇಲ್ಲ.

ತಂತಿ ಒಂದೇ ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ.

ಕಡಲ ಗಾಳಿಯ ಉಪ್ಪು ಮತ್ತು ನಮ್ಮ ಬೆವರು. ಲೇಪನವಿರುವ ತಂತಿ ದುಬಾರಿಯಾದರೂ ಇಲ್ಲಿ ಲೆಕ್ಕಕ್ಕೆ ಲಾಭ. ನುಡಿಸುವ ಮೊದಲು ಕೈ ತೊಳೆಯಿರಿ, ನುಡಿಸಿದ ಮೇಲೆ ತಂತಿಯ ಅಡಿಭಾಗವನ್ನೂ ಒರೆಸಿ.

ಮೊದಲ ಸಲ ತಂತಿ ಹಾಕಿದೆ. ದನಿ ಬಿಗಿಯಾಗಿ, ಸಣ್ಣದಾಗಿ ಕೇಳುತ್ತದೆ. ಸೋತೆನೇ?

ಇಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆ ಪೆಟ್ಟಿಗೆಗೆ 70 ಕಿಲೋಗ್ರಾಂ ಎಳೆತ ಏನೆಂಬುದು ಇಂದಷ್ಟೇ ಗೊತ್ತಾಗಿದೆ. ಪೂರ್ತಿ ಶ್ರುತಿಯಲ್ಲಿ ಇಟ್ಟು ಎರಡು ಮೂರು ವಾರ ದಿನಾ ನುಡಿಸಿ. ಹಲಗೆ ತನ್ನ ನೆಲೆ ಕಂಡುಕೊಳ್ಳುತ್ತದೆ, ನೆಕ್ ತುಸು ಬಾಗುತ್ತದೆ, ಪಾಲಿಶ್ ಇನ್ನೂ ಗಟ್ಟಿಯಾಗುತ್ತದೆ. ಮೂರನೆಯ ವಾರದ ಕೊನೆಗೆ ಮೇಲೆ ಹೇಳಿದ ಅಳತೆಗಳನ್ನೆಲ್ಲ ಇನ್ನೊಮ್ಮೆ ತೆಗೆದುಕೊಂಡು, ಟ್ರಸ್ ರಾಡ್ ಸರಿಹೊಂದಿಸಿ. ಮೊದಲ ದಿನದ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರೆ ಆ ಸಂಜೆ ಅದನ್ನೂ ಹಾಕಿ ಕೇಳಿ.